ಮೈಯಿಲ್ಲದ ಫೋನು

ಆರನೆಯ ಕಂತು

ಮೂರನೆಯ ಸಲವೂ ಫೋನು ಏಳಲಿಲ್ಲ.

ಕಂಪ್ಯೂಟರಿನ ಪರದೆಯ ಒಂದು ಮೂಲೆಯಲ್ಲಿ, ಅಂಗೈಯಷ್ಟು ಜಾಗದಲ್ಲಿ, ಅದು ಕಪ್ಪಗೆ ನಿಂತಿತ್ತು. ನಡುವೆ ನಾಲ್ಕು ಬಿಳಿ ಚುಕ್ಕೆಗಳು ಒಂದರ ಹಿಂದೆ ಒಂದು ಸುತ್ತುತ್ತಿದ್ದವು. ಹತ್ತು ನಿಮಿಷದಿಂದ ಸುತ್ತುತ್ತಲೇ ಇದ್ದವು.

"ತಲೆ ತಿರುಗ್ತಾ ಇರೋದು ಅದಕ್ಕಾ, ನಂಗಾ?" ಎಂದು ತನಿಖಾಧಿಕಾರಿ ಕೇಳಿದರು.

ಫೋನು ರಿಪೇರಿಯವನು ತಲೆ ಎತ್ತಲಿಲ್ಲ. ನಲವತ್ತು ದಾಟಿದ ಗಂಡಸು. ತುಟಿಯ ನಡುವೆ ಯಾವಾಗಲೂ ಒಂದೆರಡು ಪುಟ್ಟ ತಿರುಪು ಕಚ್ಚಿಕೊಂಡೇ ಮಾತಾಡುವ ಅಭ್ಯಾಸ. ಹಾಗಾಗಿ ಬೀದಿಗೆಲ್ಲ ಅವನು ತಿರುಪು. ತಲೆಯೊಳಗೆ ಇರಬೇಕಾದದ್ದು ಬಾಯಿಗೆ ಬಂದುಬಿಟ್ಟಿದೆ ಎಂದು ಅವನ ಹೆಂಡತಿಯೇ ನಗುತ್ತಿದ್ದಳು.

"ಮೇಡಂ, ಇದಕ್ಕೆ ಬೀಗ ತೆಗೆಯೋ ಉಪಕರಣ ಒಗ್ಗ್ತಾ ಇಲ್ಲ. ಉಪಕರಣ ಹೊಸದು, ಫೋನು ಹಳೇದು. ಮುದುಕರ ಬಾಯಿಗೆ ಹುಡುಗರ ಹಲ್ಲು ಕೂರಿಸಿದ ಹಾಗಾಗಿದೆ."

ತಿರುಪಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಹೆಂಗಸು ಮಾತ್ರ ನಗಲಿಲ್ಲ. ಸತ್ತವರ ಸೊಸೆ ಅವಳು. ಇಪ್ಪತ್ತನಾಲ್ಕು ದಿನದ ಹಿಂದೆ ಬೈಂಡಿಂಗ್ ಅಂಗಡಿಯ ಹಿರಿಯ ಯಜಮಾನರು ಅಟ್ಟದ ಏಣಿಯಿಂದ ಬಿದ್ದು ಸತ್ತಿದ್ದರು. ಅವರು ಕಿವಿ ಮಷೀನು ಹಾಕಿರಲಿಲ್ಲ, ಹುಷಾರು ಎಂದು ಕೂಗಿದ್ದು ಅವರಿಗೆ ಕೇಳಿಸಲಿಲ್ಲ ಎಂದು ಅವರ ತಮ್ಮ ಹೇಳಿಕೆ ಕೊಟ್ಟಿದ್ದರು. ಎರಡು ಕಿವಿಯ ಎರಡೂ ಮಷೀನು ಮೇಜಿನ ಮೇಲೆ ತಮ್ಮ ಡಬ್ಬಿಯಲ್ಲೇ ಸಿಕ್ಕಿದ್ದವು. ಎಲ್ಲರೂ ಒಪ್ಪಿದ್ದರು. ಸೊಸೆಯೊಬ್ಬಳು ಒಪ್ಪಿರಲಿಲ್ಲ.

"ಮಾವ ಎದ್ದ ಕೂಡ್ಲೆ ಕನ್ನಡಕಕ್ಕಿಂತ ಮೊದಲು ಅದನ್ನ ಹಾಕ್ಕೋತಿದ್ರು," ಎಂದಿದ್ದಳು ಅವಳು, ಮೊದಲ ದಿನವೇ. "ಅದಿಲ್ದೆ ಅವರು ಏಣಿ ಹತ್ತಿದ್ರು ಅಂದ್ರೆ ನಾನು ನಂಬಲ್ಲ."

ಆ ಒಂದು ಮಾತಿನ ಮೇಲೆ ತನಿಖಾಧಿಕಾರಿ ಇಲ್ಲಿಯವರೆಗೆ ಬಂದಿದ್ದರು.

ಯಜಮಾನರ ಫೋನು ಅವರ ಜೇಬಿನಲ್ಲೇ ಒಡೆದಿತ್ತು. ಗಾಜು ಪುಡಿಯಾಗಿದ್ದರೂ ಒಳಗೆ ಜೀವವಿತ್ತು. ಅದು ಪೂರ್ತಿ ಆರಿಹೋಗುವ ಮೊದಲು, ಸೊಸೆಗೆ ಗೊತ್ತಿದ್ದ ಗುಪ್ತಸಂಖ್ಯೆಯಿಂದ ತಿರುಪು ಅದರ ಒಂದು ನಕಲನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ಕಿವಿ ಮಷೀನನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಆ್ಯಪ್ ಕೂಡ ಅದರಲ್ಲಿತ್ತು. ಕಂಪನಿಗೆ ಬರೆದ ಕಾಗದಕ್ಕೆ ಮೂರು ವಾರವಾದರೂ ಉತ್ತರವಿರಲಿಲ್ಲ.

"ಇನ್ನೊಂದ್ಸಲ ಬಿಡಿಸಿ ಹೇಳಪ್ಪ," ಎಂದರು ತನಿಖಾಧಿಕಾರಿ. "ನಾಳೆ ನ್ಯಾಯಾಧೀಶರು ಕೇಳಿದ್ರೆ ನಾನು ಬಾಯಿ ಬಿಟ್ಕೊಂಡು ನಿಲ್ಲಬಾರದು. ಈ ಎಮ್ಯುಲೇಟರ್ ಅಂದ್ರೆ ಕಂಪ್ಯೂಟರು ಹಾಕ್ಕೊಂಡಿರೋ ಫೋನಿನ ವೇಷ. ಅಷ್ಟೇ ತಾನೆ?"

ತಿರುಪು ಸ್ವಲ್ಪ ಯೋಚಿಸಿದ. "ವೇಷ ಅಲ್ಲ ಮೇಡಂ. ವೇಷ ಹಾಕ್ದೋನಿಗೆ ತಾನು ಯಾರು ಅನ್ನೋದು ಗೊತ್ತಿರುತ್ತೆ. ಇದಕ್ಕೆ ಗೊತ್ತಿಲ್ಲ. ಇದು ತಾನು ನಿಜವಾದ ಫೋನೇ ಅಂದ್ಕೊಂಡಿದೆ."

ತನಿಖಾಧಿಕಾರಿ ಪರದೆಯತ್ತ ಬಾಗಿದರು. ಕೈಯಲ್ಲಿ ಹಿಡಿಯಲಾಗದ, ಜೇಬಿಗೆ ಹಾಕಲಾಗದ, ಎತ್ತಿ ಒಗೆದರೆ ಒಡೆಯದ ಒಂದು ಫೋನು. ಮೂವತ್ತು ವರ್ಷದ ನೌಕರಿಯಲ್ಲಿ ಅವರು ರಕ್ತದ ಕಲೆ, ಹೆಜ್ಜೆ ಗುರುತು, ಸುಟ್ಟ ಕಾಗದ ಎಲ್ಲವನ್ನೂ ಮುಟ್ಟಿ ನೋಡಿದ್ದರು. ಮೈಯೇ ಇಲ್ಲದ ಸಾಕ್ಷಿ ಇದು ಮೊದಲನೆಯದು.

"ಅದರೊಳಗೆ ಪ್ರತಿ ಆ್ಯಪ್‌ಗೂ ಒಂದೊಂದು ಕೋಣೆ," ಎಂದ ತಿರುಪು. "ಒಳಗಿಂದ ಚಿಲಕ. ಫೋನ್ ತಗೊಂಡೋರಿಗೂ ಆ ಕೋಣೆಗೆ ಪ್ರವೇಶ ಇಲ್ಲ. ಮನೆ ನಿಮ್ದು ಅಂತಾರೆ, ಕೀ ಗೊಂಚಲು ಮಾತ್ರ ಕೊಡಲ್ಲ. ರೂಟ್ ಅನ್ನೋದು ಆ ಗೊಂಚಲು. ಫೋನು ಕಣ್ಣು ಬಿಡುವಾಗ ಮೊಟ್ಟಮೊದಲು ಓದೋ ಕಡತ ಒಂದಿರುತ್ತೆ. ಅದನ್ನ ಹೊರಗೆ ತೆಗೆದು, ರೂಟ್ ಉಪಕರಣ ಸೇರಿಸಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ವಾಪಸ್ ಇಡಬೇಕು."

"ಇದನ್ನೇ ಒಡೆದ ಫೋನಿನ ಮೇಲೆ ಮಾಡಿದ್ದಿದ್ರೆ?"

"ಅದು ಮೊದಲು ಮಾಡೋ ಕೆಲ್ಸ ಒಳಗಿರೋದನ್ನೆಲ್ಲ ಅಳಿಸ್ಕೊಳ್ಳೋದು. ನಿಮ್ಮ ಸಾಕ್ಷಿಗೆ ನಾವೇ ಬೆಂಕಿ ಇಟ್ಟ ಹಾಗೆ. ಇದಾದ್ರೆ ನೂರು ಸಲ ಸಾಯಿಸಿ ನೂರು ಸಲ ಹುಟ್ಟಿಸಬಹುದು."

ಅವನು ಕಪ್ಪು ಫೋನನ್ನು ಅಳಿಸಿ, ಇಳಿಸಿಕೊಂಡಿದ್ದ ನಕಲಿನಿಂದ ಹೊಸದೊಂದನ್ನು ಕಟ್ಟಿದ. ಉಪಕರಣದ ಹಳೆಯ ಆವೃತ್ತಿಯೊಂದನ್ನು ಹುಡುಕಿ ತೆಗೆದ. ಮೊದಲ ಕಡತಕ್ಕೆ ಅದನ್ನು ಸೇರಿಸಿದ. ಆಮೇಲೆ ಬೆರಳನ್ನು ಗುಂಡಿಯ ಮೇಲಿಟ್ಟ.

"ಇಷ್ಟು ಹೊತ್ತು ನಾನೊಂದು ತಪ್ಪು ಮಾಡ್ತಿದ್ದೆ ಮೇಡಂ. ಇದನ್ನ ನಿದ್ದೆಯಿಂದ ಏಳಿಸ್ತಿದ್ದೆ. ನಿದ್ದೆಯಿಂದ ಎದ್ದೋರು ಹಳೇದನ್ನೇ ನೆನಪಿಟ್ಕೊಂಡು ಏಳ್ತಾರೆ. ಇದು ಹೊಸದಾಗಿ ಹುಟ್ಟಬೇಕು."

ಗುಂಡಿ ಒತ್ತಿದ.

ಚುಕ್ಕೆಗಳು ಸುತ್ತಿದವು. ಕೆಳಗಿನ ಬೀದಿಯಲ್ಲಿ ಯಾರೋ ಶಟರು ಎಳೆದ ಸದ್ದು ಬಂತು. ಕಂಪ್ಯೂಟರಿನ ಫ್ಯಾನು ಜೋರಾಯಿತು. ಒಂದು ನಿಮಿಷ. ಎರಡು ನಿಮಿಷ.

ಚುಕ್ಕೆಗಳು ನಿಂತವು.

ಪರದೆಯ ಮೇಲೆ ಒಂದು ಚಿತ್ರ ತೆರೆದುಕೊಂಡಿತು. ರಟ್ಟು ಹಾಕಿ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿದ ಒಂದು ದಪ್ಪ ಪುಸ್ತಕ. ಯಜಮಾನರು ತಾವು ಹೊಲಿದ ಪುಸ್ತಕವೊಂದರ ಚಿತ್ರವನ್ನೇ ಫೋನಿನ ಮುಖಕ್ಕೆ ಹಾಕಿಕೊಂಡಿದ್ದರು. ಮೇಲೆ ಗಡಿಯಾರ ಓಡುತ್ತಿತ್ತು. ಬ್ಯಾಟರಿ ಪೂರ್ತಿ ತುಂಬಿದೆ ಎಂದು ಅದು ಹೇಳುತ್ತಿತ್ತು, ಬ್ಯಾಟರಿಯೇ ಇಲ್ಲದ ಫೋನು.

ಸೊಸೆ ಕೈಯನ್ನು ಬಾಯಿಗೆ ಒತ್ತಿಕೊಂಡಳು. "ಮಾವನ ಫೋನು," ಎಂದಳು ಮೆಲ್ಲಗೆ, ಮಲಗಿದ್ದವರು ಎಚ್ಚರಾದಾರು ಎನ್ನುವಂತೆ.

ತಿರುಪು ಇನ್ನೊಂದು ಕಪ್ಪು ಕಿಟಕಿ ತೆರೆದು ಎರಡೇ ಅಕ್ಷರ ಬರೆದ. ಫೋನಿನ ಮೇಲೆ ಒಂದು ಪ್ರಶ್ನೆ ಮೂಡಿತು: ಎಲ್ಲ ಬಾಗಿಲಿನ ಅಧಿಕಾರ ಕೊಡಬೇಕೇ?

"ನೀವೇ ಒತ್ತಿ ಮೇಡಂ. ಕೋರ್ಟಿನ ಅನುಮತಿ ನಿಮ್ಮ ಹೆಸರಲ್ಲಿದೆ."

ತನಿಖಾಧಿಕಾರಿ ಒತ್ತಿದರು. ಕಪ್ಪು ಕಿಟಕಿಯ ಸಾಲಿನ ತುದಿಯಲ್ಲಿದ್ದ ಡಾಲರ್ ಗುರುತು ಮಾಯವಾಗಿ, ಎರಡು ಅಡ್ಡಗೆರೆ ಎರಡು ಉದ್ದಗೆರೆಯ ಒಂದು ಪುಟ್ಟ ಗುರುತು ಬಂತು.

"ಅಷ್ಟೇನಾ?"

"ಅಷ್ಟೇ. ಈ ಗುರುತು ಬಂತು ಅಂದ್ರೆ ಇನ್ನು ಈ ಮನೇಲಿ ನಮಗೆ ಮುಚ್ಚಿದ ಬಾಗಿಲು ಅಂತ ಇಲ್ಲ."

ಆದರೆ ಕಿವಿ ಮಷೀನಿನ ಆ್ಯಪ್ ಬುದ್ಧಿವಂತ. ತೆರೆದ ತಕ್ಷಣ, ಈ ಫೋನು ಸುರಕ್ಷಿತವಲ್ಲ ಎಂದು ಬರೆದು ತಾನೇ ಮುಚ್ಚಿಕೊಂಡಿತು. ಬೀಗ ಒಡೆದ ವಾಸನೆ ಅದಕ್ಕೆ ಬಡಿದಿತ್ತು. ತಿರುಪು ಗೊಣಗಲಿಲ್ಲ. ಅದೇ ಉಪಕರಣದಲ್ಲಿ ಒಂದು ಪಟ್ಟಿ ತೆಗೆದು, ಈ ಒಂದು ಆ್ಯಪ್‌ನ ಕಣ್ಣಿಗೆ ಮಾತ್ರ ರೂಟ್ ಕಾಣಿಸದಂತೆ ಮರೆ ಮಾಡಿದ. ಮತ್ತೆ ತೆರೆದ. ಈ ಸಲ ಅದು ತಕರಾರಿಲ್ಲದೆ ತೆರೆದುಕೊಂಡು, ಯಜಮಾನರಿಗೆ ಶುಭೋದಯ ಹೇಳಿತು.



ಅದರ ಕೋಣೆಯೊಳಗೆ ನಾಲ್ಕು ಸಾವಿರ ಚಿಲ್ಲರೆ ಪುಟ್ಟ ಕಡತಗಳಿದ್ದವು. ಒಂದೊಂದೂ ಎಂಟು ಸೆಕೆಂಡು.

"ಇದೇನಿದು?"

"ಸದ್ದು." ತಿರುಪಿನ ಬಾಯಿಂದ ತಿರುಪುಗಳು ಅಂಗೈಗೆ ಬಂದಿದ್ದವು. "ಸುತ್ತಲಿನ ಸದ್ದು ಇದ್ದಕ್ಕಿದ್ದ ಹಾಗೆ ಬದಲಾದಾಗ ಮಷೀನು ಎಂಟು ಸೆಕೆಂಡು ಹಿಡಿದಿಟ್ಕೊಂಡು, ಅದಕ್ಕೆ ತಕ್ಕ ಹಾಗೆ ತನ್ನನ್ನ ಹೊಂದಿಸ್ಕೊಳ್ಳುತ್ತೆ ಅನ್ಸುತ್ತೆ. ಕೆಲಸ ಆದ್ಮೇಲೆ ಅಳಿಸಬೇಕಿತ್ತು. ಅಳಿಸಿಲ್ಲ. ಇದು ಇಲ್ಲಿದೆ ಅಂತ ಯಜಮಾನರಿಗೂ ಗೊತ್ತಿರಲ್ಲ."

ಅವನು ಯಾವುದೋ ಒಂದನ್ನು ಒತ್ತಿದ.

ದಪ್ಪ ಕಾಗದದೊಳಗೆ ದಾರ ಎಳೆಯುವ ಸದ್ದು. ಸರ್ರೆಂದು, ಉದ್ದಕ್ಕೆ. ನಡುವೆ ಒಬ್ಬ ಮುದುಕರ ಉಸಿರು, ಎಷ್ಟು ಹತ್ತಿರವೆಂದರೆ ತನಿಖಾಧಿಕಾರಿ ತಿಳಿಯದೆಯೇ ತಮ್ಮ ಭುಜ ತಿರುಗಿಸಿ ನೋಡಿದರು.

ಇನ್ನೊಂದು. ಎಲ್ಲೋ ಗವಾಕ್ಷಿಯಲ್ಲಿ ಗುಬ್ಬಿಯ ಗಲಾಟೆ. ಇನ್ನೊಂದು. ಕಟಿಂಗ್ ಮಷೀನು ಒಂದೇ ಏಟಿಗೆ ಕೆಳಗಿಳಿದ ಸದ್ದು. ಇನ್ನೊಂದರಲ್ಲಿ ಹೆಣ್ಣುಧ್ವನಿ: "ಮಾವ, ಊಟ ಆರಿಹೋಗ್ತಾ ಇದೆ. ಎಷ್ಟು ಸಲ ಕರೀಲಿ?"

ಸೊಸೆ ತನ್ನ ಧ್ವನಿಯನ್ನೇ ದಿಟ್ಟಿಸಿ ನೋಡುವವಳಂತೆ ಪರದೆ ನೋಡಿದಳು. "ನಾನು ಇಷ್ಟು ಸಿಡುಕಿ ಮಾತಾಡ್ತಿದ್ನಾ?"

"ಸಿಡುಕಿದ ಹಾಗಿಲ್ಲಮ್ಮ," ಎಂದರು ತನಿಖಾಧಿಕಾರಿ. "ಮನೆಯವರ ಹಾಗಿದೆ."

ಅವರಿಗೆ ತಮ್ಮ ಧ್ವನಿಯೇ ಬದಲಾದಂತೆ ಅನ್ನಿಸಿತು. ಸತ್ತವರ ಕಣ್ಣು, ಉಗುರು, ಬಟ್ಟೆ ಎಲ್ಲವನ್ನೂ ಅವರು ಕಂಡಿದ್ದರು. ಸತ್ತವರ ಕಿವಿಯೊಳಗೆ ನಿಂತು ಅವರ ದಿನವನ್ನು ಕೇಳುವುದು ಯಾರಿಗಾದರೂ ಸಾಧ್ಯವೆಂದು ಒಂದು ಗಂಟೆಯ ಹಿಂದೆ ಯಾರು ಹೇಳಿದ್ದರೂ ಎದ್ದು ಹೋಗುತ್ತಿದ್ದರು. ಇನ್ನು ಮುಂದೆ ಯಾವ ಕೋಣೆಗೆ ಹೋದರೂ ಮೆಲ್ಲಗೆ ಮಾತಾಡಬೇಕು ಎನ್ನಿಸಿತು.

"ಆ ದಿನದ್ದು ಹಾಕು," ಎಂದರು.

ತಿರುಪು ಹಾಕಿದ. ಬೆಳಿಗ್ಗೆ ಏಳು ಹನ್ನೆರಡಕ್ಕೆ ಮಷೀನು ಕಿವಿಗೆ ಏರಿತ್ತು. ಹನ್ನೊಂದು ಮೂವತ್ತಮೂರಕ್ಕೆ ಒಂದು ಗಂಡು ಧ್ವನಿ, ಕೋಪದ್ದು. ಅದು ಚಿಕ್ಕ ಮಾವನದು ಎಂದು ಸೊಸೆ ತಲೆಯಾಡಿಸಿದಳು. ಹನ್ನೊಂದು ಮೂವತ್ತನಾಲ್ಕಕ್ಕೆ ಮರ, ನೆಲ, ಆಮೇಲೆ ಏನೂ ಇಲ್ಲ. ಅದನ್ನು ಅವರು ಒಂದೇ ಸಲ ಕೇಳಿದರು.

ಅದರ ಕೆಳಗಿನ ಸಾಲನ್ನು ತಿರುಪು ಬೆರಳಿಟ್ಟು ತೋರಿಸಿದ. ಮಷೀನು ಕಿವಿಯಿಂದ ಡಬ್ಬಿಗೆ ಹೋದ ಹೊತ್ತು: ಹನ್ನೊಂದು ನಲವತ್ತೊಂದು.

ಬಿದ್ದು ಏಳು ನಿಮಿಷದ ಮೇಲೆ.

*

ಬೈಂಡಿಂಗ್ ಅಂಗಡಿ ಉದ್ದನೆಯ ಒಂದೇ ಕೋಣೆ. ಎರಡೂ ಗೋಡೆಗೆ ಹೊಲಿಯದ ಪುಟಗಳ ಕಟ್ಟುಗಳು, ನಡುವೆ ಅಂಟಿನ ವಾಸನೆ. ಯಜಮಾನರ ತಮ್ಮ ಮೇಜಿನ ಹಿಂದೆ ಕೂತು ದಬ್ಬಣದಿಂದ ತೂತು ಹಾಕುತ್ತಿದ್ದರು. ಅರವತ್ತೆಂಟರ ಪ್ರಾಯ. ಬಾಗಿಲಲ್ಲಿ ತನಿಖಾಧಿಕಾರಿಯನ್ನು, ಹಿಂದೆ ಲ್ಯಾಪ್‌ಟಾಪು ಅಪ್ಪಿಕೊಂಡ ತಿರುಪನ್ನು, ಅವನ ಹಿಂದೆ ಸೊಸೆಯನ್ನು ಕಂಡು ದಬ್ಬಣ ಕೆಳಗಿಟ್ಟರು.

"ಕೂತ್ಕೊಳ್ಳಿ ಮೇಡಂ. ಜಾಗ ಮಾಡ್ತೀನಿ."

"ಬೇಡ ಯಜಮಾನ್ರೇ, ನಿಂತೇ ಕೇಳ್ತೀನಿ. ನಿಮ್ಮಣ್ಣ ಅವತ್ತು ಕಿವಿ ಮಷೀನು ಹಾಕಿರ್ಲಿಲ್ಲ ಅಂದ್ರಲ್ಲ?"

"ಹಾಕಿರ್ಲಿಲ್ಲ. ಆವತ್ತೇ ಬರೆದು ಸಹಿ ಹಾಕಿದ್ದೀನಿ."

"ಇನ್ನೊಂದ್ಸಲ ಯೋಚನೆ ಮಾಡಿ."

"ಯೋಚನೆ ಮಾಡೋಕೇನಿದೆ. ಡಬ್ಬಿ ಇಲ್ಲೇ ಇತ್ತು, ಇದೇ ಮೇಜಿನ ಮೇಲೆ. ನಿಮ್ಮೋರೇ ಕಂಡಿದ್ದಾರೆ."

ತನಿಖಾಧಿಕಾರಿ ತಿರುಪಿನತ್ತ ನೋಡಿದರು. ಅವನು ಲ್ಯಾಪ್‌ಟಾಪನ್ನು ಪುಟದ ಕಟ್ಟಿನ ಮೇಲಿಟ್ಟು ತೆರೆದ. ಪರದೆಯ ಮೇಲೆ ಕೆಂಪು ಬೆನ್ನಿನ ಪುಸ್ತಕ ಕಂಡ ಕೂಡಲೇ ಮುದುಕರ ಮುಖ ಸಡಿಲವಾಯಿತು.

"ಅದು ಅಣ್ಣನ ಫೋನಲ್ವಾ? ಒಡೆದು ಹೋಗಿತ್ತಲ್ಲ?"

"ಒಡೆದಿರೋದು ಮೈ," ಎಂದರು ತನಿಖಾಧಿಕಾರಿ. "ಹಾಕಪ್ಪ."

ಹನ್ನೊಂದು ಮೂವತ್ತಮೂರು. ಅದೇ ಕೋಣೆ, ಅದೇ ಗೋಡೆಗಳಿಗೆ ಬಡಿದು ಬರುವ ಸದ್ದು. ಕೆಳಗಿನಿಂದ ಮೇಲಕ್ಕೆ ಒಂದು ಧ್ವನಿ ಏರಿ ಬಂತು: "ನಲವತ್ತು ವರ್ಷ ಹೊಲಿದೆ. ನಾನು ಹೊಲಿದ ಒಂದು ಪುಸ್ತಕಾನೂ ನೀನು ಬಿಚ್ಚಿ ಮತ್ತೆ ಹೊಲೀದೆ ಬಿಟ್ಟಿಲ್ಲ. ನೀನು ಇದ್ರೂ ಒಂದೇ, ಹೋದ್ರೂ ಒಂದೇ."

ಮುದುಕರು ಕೇಳಿದರು. ಕೇಳಿದ ಮೇಲೂ ಬಹಳ ಹೊತ್ತು, ಇನ್ನೂ ಏನೋ ಬರಲಿದೆ ಎನ್ನುವಂತೆ ತಲೆ ವಾಲಿಸಿಕೊಂಡೇ ಇದ್ದರು.

"ಇದನ್ನ ಎಲ್ಲಿಂದ ತೆಗೆದ್ರಿ?"

"ಅವರ ಕಿವಿಯಿಂದ."

ಅವರ ಕೈ ಮೇಜಿನ ಅಂಚು ಹುಡುಕಿತು. "ಹಾಗಾದ್ರೆ ಅದು ಅಲ್ಲೇ ಉಳ್ಕೊಂಡಿದೆ," ಎಂದರು. ತನಿಖಾಧಿಕಾರಿಗೆ ಹೇಳಿದ ಮಾತಾಗಿರಲಿಲ್ಲ.

"ಚಿಕ್ಕ ಮಾವ," ಎಂದಳು ಸೊಸೆ, "ಕೂತ್ಕೊಂಡು ಹೇಳಿ. ನಿಜ ಏನಿದೆಯೋ ಅದನ್ನೇ ಹೇಳಿ."

ಅವರು ಕೂರಲಿಲ್ಲ. "ಕೇಳಿಸ್ತು ಮೇಡಂ ಅವನಿಗೆ. ಚೆನ್ನಾಗೇ ಕೇಳಿಸ್ತು. ಅದಕ್ಕೇ ತಿರುಗಿದ. ಏಣಿ ಮೇಲಿಂದ ನನ್ನ ಮುಖ ನೋಡೋಕೆ ಅಂತ ತಿರುಗಿದ, ಕಾಲು ಜಾರ್ತು. ನಾನು ಹುಷಾರು ಅಂತ ಕೂಗ್ಲೇ ಇಲ್ಲ. ನಾನು ಕೂಗಿದ್ದು ಈಗ ನೀವು ಕೇಳಿದ್ರಲ್ಲ, ಅದು."

"ಮಷೀನು ಯಾಕೆ ತೆಗೆದ್ರಿ?"

"ಕಿವೀಲಿ ಅದು ಸಣ್ಣಗೆ ಸಿಳ್ಳೆ ಹಾಕ್ತಾ ಇತ್ತು. ಉಸಿರು ನೋಡಿದೆ, ಗೊತ್ತಾಗ್ಲಿಲ್ಲ. ಹೋಗ್ಬಿಟ್ಟ ಅಂದ್ಕೊಂಡೆ. ಅಷ್ಟೊತ್ತೂ ಅದು ಸಿಳ್ಳೆ ಹಾಕ್ತಾನೇ ಇತ್ತು. ನಾನು ಅಂದ ಮಾತು ಇನ್ನೂ ಒಳಗಡೆನೇ ಸುತ್ತುತಾ ಇದೆ ಅನ್ನಿಸ್ತು. ತೆಗೆದು ಡಬ್ಬಿಗೆ ಹಾಕಿ ಮುಚ್ಚಿದೆ. ಆಮೇಲೆ ನೀವು ಬಂದು ಕೇಳಿದಾಗ, ಅವನಿಗೆ ಕೇಳಿಸ್ಲೇ ಇಲ್ಲ ಅಂತ ಹೇಳ್ಬಿಟ್ರೆ..." ಅವರು ನಿಲ್ಲಿಸಿದರು. "ಹೇಳ್ತಾ ಹೇಳ್ತಾ ನಾನೂ ನಂಬಬಹುದು ಅಂದ್ಕೊಂಡೆ."

ತನಿಖಾಧಿಕಾರಿ ಮುದುಕರನ್ನೇ ನೋಡಿದರು. ಕೊಲೆಗಾರನನ್ನು ಹುಡುಕಿಕೊಂಡು ಬಂದಿದ್ದರು. ಸಿಕ್ಕಿದ್ದು ಬರಿಯ ಒಬ್ಬ ತಮ್ಮ.

"ಎರಡೂ ಕಿವಿದು ತೆಗೆದು ಡಬ್ಬಿಗೆ ಹಾಕಿದ್ರಿ. ಹನ್ನೊಂದು ನಲವತ್ತೊಂದಕ್ಕೆ," ಎಂದರು ಕೊನೆಗೆ, ಟಿಪ್ಪಣಿ ಪುಸ್ತಕ ತೆರೆಯುತ್ತ.

"ಎರಡೂ ಅಲ್ಲ ಮೇಡಂ. ಬಲಗಿವಿದು ಒಂದೇ."

ಪೆನ್ನು ನಿಂತಿತು.

"ಎಡಗಿವಿ ನೆಲದ ಕಡೆಗಿತ್ತು. ತೆಗೀಬೇಕು ಅಂದ್ರೆ ತಲೆ ಎತ್ತಬೇಕಿತ್ತು. ನಂಗೆ ಧೈರ್ಯ ಬರ್ಲಿಲ್ಲ."

"ನಮ್ಮೋರು ಬಂದಾಗ ಡಬ್ಬೀಲಿ ಎರಡೂ ಇದ್ವು."

"ನಾನೂ ನೋಡ್ದೆ. ಆಮೇಲೆ ನಾನು ಹೋಗಿ ಕರ್ಕೊಂಡು ಬಂದ ಡಾಕ್ಟ್ರು ತೆಗೆದಿಟ್ಟಿರಬೇಕು ಅಂದ್ಕೊಂಡೆ. ಕೇಳೋಕೆ ಹೋದ್ರೆ ನನ್ನ ಗುಟ್ಟೇ ಬಯಲಾಗುತ್ತಲ್ಲ. ಸುಮ್ಮನಾದೆ."

"ಡಾಕ್ಟ್ರು ಮುಟ್ಟಿಲ್ಲ. ಅವರನ್ನ ನಾನೇ ಕೇಳಿದ್ದೀನಿ."

ತಿರುಪು ಆಗಲೇ ಕಪ್ಪು ಕಿಟಕಿಯ ಮೇಲೆ ಬಾಗಿದ್ದ. ಬೆರಳುಗಳು ಓಡಿದವು. "ನನ್ನ ತಪ್ಪು ಮೇಡಂ. ಎರಡೂ ಜೋಡಿ ತಾನೆ ಅಂತ ಬಲಗಿವಿ ಕೋಣೆ ಒಂದನ್ನೇ ನೋಡಿದ್ದೆ. ಎಡಕ್ಕೆ ಬೇರೆ ಕೋಣೆ ಇದೆ." ಅವನು ಓದುತ್ತ ಹೋದ. ಆಮೇಲೆ ಓದುವುದನ್ನು ನಿಲ್ಲಿಸಿದ.

"ಹೇಳಪ್ಪ."

"ಎಡಗಿವಿದು ಡಬ್ಬಿಗೆ ಹೋಗಿರೋದು ಹನ್ನೆರಡು ಒಂಬತ್ತಕ್ಕೆ. ಅದಕ್ಕೆ ಒಂದು ನಿಮಿಷ ಮುಂಚೆ ಒಂದು ಸದ್ದು ಹಿಡಿದಿದೆ. ಒಂದೇ ಒಂದು."

"ಹಾಕು."

ಮೊದಲು ಏನೂ ಇಲ್ಲ. ಬರಿಯ ಕೋಣೆ. ಆಮೇಲೆ ಬಟ್ಟೆಯ ಸರಸರ, ಬಹಳ ಹತ್ತಿರ. ಆಮೇಲೆ ಒಂದು ಕ್ಷೀಣ ಧ್ವನಿ, ಗಂಟಲಿನ ಆಳದಿಂದ: "ಬಂದ್ಯೇನೋ ತಮ್ಮಾ."

ಉತ್ತರ ಕಿವಿಗೆ ಬಾಯಿ ಇಟ್ಟಷ್ಟು ಸನಿಹದಿಂದ ಬಂತು. ಸಮಾಧಾನದ, ಒಳ್ಳೆಯ ಧ್ವನಿ. "ಬಂದೆ ಅಜ್ಜ. ನಾನು ಡಾಕ್ಟ್ರು. ಕಣ್ಣು ಮುಚ್ಕೊಳ್ಳಿ."

ಎಂಟು ಸೆಕೆಂಡು ಮುಗಿಯಿತು.

ಮುದುಕರು ಕೂತಿದ್ದರು. ಯಾವಾಗ ಕೂತರೋ ಯಾರೂ ನೋಡಿರಲಿಲ್ಲ. "ಬದುಕಿದ್ದ," ಎಂದರು. "ನಾನು ಬಿಟ್ಟು ಹೋದಾಗ ಬದುಕಿದ್ದ. ನನ್ನನ್ನೇ ಕರೆದ."

ಸೊಸೆ ಅವರ ಬೆನ್ನಿನ ಮೇಲೆ ಕೈಯಿಟ್ಟಳು.

"ಹನ್ನೆರಡು ಎಂಟಕ್ಕೆ ನೀವೆಲ್ಲಿದ್ರಿ?" ತನಿಖಾಧಿಕಾರಿಯ ಧ್ವನಿ ಮೆತ್ತಗಿತ್ತು.

"ದವಾಖಾನೇಲಿ. ಡಾಕ್ಟ್ರು ಒಂದು ಮಗುವಿನ ಮೊಣಕಾಲಿಗೆ ಹೊಲಿಗೆ ಹಾಕ್ತಾ ಇದ್ರು, ನನ್ನ ಕಣ್ಣೆದುರಿಗೇ. ಮುಗಿಸಿ ಹೊರಟ್ವಿ. ಇಲ್ಲಿಗೆ ಬರೋ ಹೊತ್ತಿಗೆ ಹನ್ನೆರಡೂವರೆ."

"ಈ ಧ್ವನಿ ಆ ಡಾಕ್ಟ್ರದ್ದಾ?"

"ಅಲ್ಲ. ಅವರ ಗಂಟಲು ಒಡಕು."

ಸೊಸೆಯೂ ತಲೆಯಲ್ಲಾಡಿಸಿದಳು. ಅವಳಿಗೂ ಆ ಧ್ವನಿ ಗೊತ್ತಿರಲಿಲ್ಲ.

"ಹೋಗುವಾಗ ಬಾಗಿಲು?"

"ಬೀಗ ಹಾಕ್ಕೊಂಡು ಹೋದೆ. ಯಾರಾದ್ರೂ ಒಳಗೆ ಬಂದು ನೋಡಿ ಗಾಬರಿ ಆಗ್ಬಾರ್ದು ಅಂತ."

"ವಾಪಸ್ ಬಂದಾಗ?"

"ಹಾಕಿದ ಹಾಗೇ ಇತ್ತು. ನಾನೇ ತೆಗೆದೆ."

"ಬೇರೆ ದಾರಿ?"

"ಇಲ್ಲ ಮೇಡಂ," ಎಂದಳು ಸೊಸೆ. "ಇರೋದು ಇದೊಂದೇ ಬಾಗಿಲು. ಕಿಟಕಿಗೆಲ್ಲ ಕಬ್ಬಿಣದ ಸರಳು."

ತನಿಖಾಧಿಕಾರಿ ನಿಧಾನವಾಗಿ ಹೇಳಿದರು: "ಹಾಗಾದ್ರೆ ಅವನು ನೀವು ಬೀಗ ಹಾಕುವಾಗ್ಲೇ ಒಳಗಿದ್ದ. ನೀವು ಡಾಕ್ಟ್ರನ್ನ ಕರ್ಕೊಂಡು ಬಂದಾಗ್ಲೂ ಒಳಗೇ ಇದ್ದ. ಆಗ ಇಲ್ಲಿ ಯಾರ್ಯಾರಿದ್ರು? ಒಬ್ಬೊಬ್ರನ್ನೇ ನೆನಪು ಮಾಡ್ಕೊಳ್ಳಿ."

"ನಾನು. ಡಾಕ್ಟ್ರು. ಡಾಕ್ಟ್ರ ಕಡೆಯೋರು ಒಬ್ರು."

"ಡಾಕ್ಟ್ರ ಕಡೆಯೋರು?"

"ಹೌದು. ನಮ್ಮ ಹಿಂದೇನೇ ಬಂದಿರಬೇಕು ಅಂದ್ಕೊಂಡೆ. ಡಾಕ್ಟ್ರು ಕಣ್ಣು ಬಿಡಿಸಿ ನೋಡುವಾಗ ಅಣ್ಣನ ತಲೆ ಹಿಡ್ಕೊಂಡಿದ್ರು. ತಿಳಿ ನೀಲಿ ಅಂಗಿ. ನನ್ನ ಭುಜ ತಟ್ಟಿ, ಧೈರ್ಯ ತಗೊಳ್ಳಿ ಅನ್ನೋ ಹಾಗೆ ಕಣ್ಣಲ್ಲೇ ಹೇಳಿ ಹೊರಟ್ರು."

ತನಿಖಾಧಿಕಾರಿ ಚೀಲದಿಂದ ಕಡತ ತೆಗೆದು ಡಾಕ್ಟರ ಹೇಳಿಕೆಯ ಹಾಳೆ ಹುಡುಕಿದರು. ಅದನ್ನು ಅವರು ಹತ್ತು ಸಲ ಓದಿದ್ದರು. ಕೆಳಗಿನಿಂದ ಮೂರನೆಯ ಸಾಲನ್ನು ಈಗ ಬೆರಳಿಟ್ಟು, ಮೊದಲ ಸಲ ಓದುವವರಂತೆ ಓದಿದರು.

'ದವಾಖಾನೆಯಿಂದ ನನ್ನ ಕಡೆಯವರು ಯಾರೂ ಬಂದಿರಲಿಲ್ಲ. ಪರೀಕ್ಷಿಸುವಾಗ, ನೀಲಿ ಅಂಗಿ ಹಾಕಿದ್ದ ಅವರ ಮನೆಯವರೊಬ್ಬರು ತಲೆ ಹಿಡಿದುಕೊಂಡು ಸಹಾಯ ಮಾಡಿದರು.'